‘ಪ್ರಶಸ್ತಿ ವಿಜೇತರು ಹೇಳಿದ್ದು’ ಎಂದರೆ ನಂಬಬಹುದೇ? ವಿಜ್ಞಾನ ಪತ್ರಿಕೋದ್ಯಮದ ಪ್ರಶಸ್ತಿಗಳು ನಿಜಕ್ಕೂ ಏನು ಹೇಳುತ್ತವೆ?

ಹರಿಹರದ ಓದುಗರೊಬ್ಬರು ನಮಗೆ ಒಂದು ವಾಟ್ಸಾಪ್ ಸಂದೇಶ ಕಳಿಸಿದ್ದಾರೆ. ‘ನಮ್ಮ ಮನೆಯವರ ಗ್ರೂಪಿನಲ್ಲಿ ಎಲ್ಲರೂ ಇದನ್ನೇ ಹಂಚುತ್ತಿದ್ದಾರೆ. ನಿಜವೋ ಸುಳ್ಳೋ ಹೇಳಿ’ ಎಂಬುದು ಅವರ ಕೋರಿಕೆ. ಸಂದೇಶದ ಸಾರ ಇಷ್ಟು: ಯಾರಿಗಾದರೂ ಲಕ್ವ ಹೊಡೆದರೆ ಅವರನ್ನು ಅಲುಗಾಡಿಸಬೇಡಿ, ಅಲುಗಾಡಿಸಿದರೆ ಮಿದುಳಿನ ನರ ಒಡೆಯುತ್ತದೆ. ಸೂಜಿ ತೆಗೆದುಕೊಂಡು ಹತ್ತೂ ಬೆರಳುಗಳ ತುದಿಗೆ ಚುಚ್ಚಿ, ರಕ್ತ ತೊಟ್ಟಿಕ್ಕಲಿ. ಬಾಯಿ ಸೊಟ್ಟಗಾಗಿದ್ದರೆ ಕಿವಿಯ ಹಾಲೆಗೂ ಚುಚ್ಚಿ. ಕೆಲವು ನಿಮಿಷಗಳಲ್ಲಿ ರೋಗಿ ಎದ್ದು ಕೂರುತ್ತಾರೆ. ಕೊನೆಯಲ್ಲಿ ಒಂದು ಸಾಲು: ಇದನ್ನು ಬರೆದವರು ಅಂತರರಾಷ್ಟ್ರೀಯ ವಿಜ್ಞಾನ ಪ್ರಶಸ್ತಿ ವಿಜೇತರು, ಹತ್ತು ಜನರಿಗೆ ಕಳಿಸಿ, ಒಂದು ಜೀವ ಉಳಿಸಿ.

ಸೂಜಿ ಚುಚ್ಚುವ ಈ ಸಲಹೆ ಹೊಸದೇನಲ್ಲ. ಹಲವು ಭಾಷೆಗಳಲ್ಲಿ ವರ್ಷಗಳಿಂದ ಸುತ್ತುತ್ತಿದೆ, ಹೆಸರು ಮಾತ್ರ ಬದಲಾಗುತ್ತದೆ. ಒಮ್ಮೆ ಚೀನಾದ ಪ್ರೊಫೆಸರ್, ಇನ್ನೊಮ್ಮೆ ದೊಡ್ಡ ಆಸ್ಪತ್ರೆಯ ವೈದ್ಯರು, ಈಗ ‘ಪ್ರಶಸ್ತಿ ವಿಜೇತರು’. ಲಕ್ವದ ಬಗ್ಗೆ ಸರಿಯಾದ ಮಾಹಿತಿಯನ್ನು ಲೇಖನದ ಕೊನೆಯ ಭಾಗದಲ್ಲಿ ಕೊಟ್ಟಿದ್ದೇವೆ. ಅದಕ್ಕೂ ಮೊದಲು ಆ ಕೊನೆಯ ಸಾಲನ್ನು ನೋಡೋಣ. ವಿಜ್ಞಾನದ ಬರವಣಿಗೆಗೆ ಕೊಡುವ ಪ್ರಶಸ್ತಿಗಳು ಯಾವುವು? ಯಾರು, ಏನು ನೋಡಿ ಕೊಡುತ್ತಾರೆ? ಪ್ರಶಸ್ತಿ ಬಂದಿದೆ ಎಂದ ಮಾತ್ರಕ್ಕೆ ಆ ವ್ಯಕ್ತಿ ಹೇಳಿದ್ದೆಲ್ಲ ನಿಜವೇ?

ಚಿಕ್ಕದಾಗಿ ಉತ್ತರ

• ವಿಜ್ಞಾನ ಪತ್ರಿಕೋದ್ಯಮಕ್ಕೆ ಜಗತ್ತಿನಲ್ಲಿ, ಭಾರತದಲ್ಲಿ, ಕರ್ನಾಟಕದಲ್ಲಿ ನಿಜವಾದ, ಗೌರವಾನ್ವಿತ ಪ್ರಶಸ್ತಿಗಳಿವೆ.
• ಪತ್ರಿಕಾ ವರದಿಗೆ ಬರುವ ಪ್ರಶಸ್ತಿ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಬರಹಕ್ಕೆ ಅಥವಾ ಬರಹಗಳ ಸರಣಿಗೆ ಸಂದದ್ದು. ಆ ವ್ಯಕ್ತಿಯ ಮುಂದಿನ ಎಲ್ಲ ಮಾತುಗಳಿಗೂ ಅದು ಗ್ಯಾರಂಟಿ ಅಲ್ಲ.
• ಪ್ರಶಸ್ತಿಯ ಹೆಸರು, ವರ್ಷ, ಕೊಟ್ಟ ಸಂಸ್ಥೆ ಮತ್ತು ಯಾವ ಬರಹಕ್ಕೆ ಎಂಬ ನಾಲ್ಕೂ ಇಲ್ಲದ ‘ಪ್ರಶಸ್ತಿ ವಿಜೇತ’ ಎಂಬ ಮಾತಿಗೆ ಬೆಲೆಯಿಲ್ಲ.
• ತೀರ್ಪುಗಾರರು ಕೇಳುವ ಪ್ರಶ್ನೆಗಳನ್ನೇ ನಾವೂ ಕೇಳಬಹುದು. ನಿಮ್ಮ ಮೊಬೈಲಿಗೆ ಬಂದ ಫಾರ್ವರ್ಡ್ ಜೊಳ್ಳೋ ಗಟ್ಟಿಯೋ ಎಂದು ಅದರಿಂದಲೇ ಗೊತ್ತಾಗುತ್ತದೆ.

ವಿಜ್ಞಾನದ ಪ್ರಶಸ್ತಿ ಬೇರೆ, ವಿಜ್ಞಾನ ಬರವಣಿಗೆಯ ಪ್ರಶಸ್ತಿ ಬೇರೆ

ನೊಬೆಲ್‌ನಂಥ ಪ್ರಶಸ್ತಿ ಹೊಸದನ್ನು ಕಂಡುಹಿಡಿದ ವಿಜ್ಞಾನಿಗೆ. ವಿಜ್ಞಾನ ಪತ್ರಿಕೋದ್ಯಮದ ಪ್ರಶಸ್ತಿ ಆ ವಿಜ್ಞಾನವನ್ನು ಜನರಿಗೆ ಅರ್ಥ ಮಾಡಿಸಿದ, ಅಥವಾ ವಿಜ್ಞಾನದ ಹೆಸರಿನಲ್ಲಿ ನಡೆದ ಮೋಸವನ್ನು ಬಯಲಿಗೆಳೆದ ವರದಿಗಾರರಿಗೆ. ಇವುಗಳ ಮಧ್ಯೆ ಇನ್ನೊಂದು ಬಗೆಯಿದೆ: ವಿಜ್ಞಾನವನ್ನು ಜನಪ್ರಿಯಗೊಳಿಸಿದ ಲೇಖಕರಿಗೆ, ಅಧ್ಯಾಪಕರಿಗೆ, ಕಾರ್ಯಕರ್ತರಿಗೆ ಕೊಡುವ ಗೌರವ. ಇದು ಹೆಚ್ಚಾಗಿ ಒಂದು ಬರಹಕ್ಕಲ್ಲ, ವರ್ಷಾನುಗಟ್ಟಲೆ ಮಾಡಿದ ಕೆಲಸಕ್ಕೆ ಸಲ್ಲುತ್ತದೆ. ಫಾರ್ವರ್ಡ್‌ಗಳಲ್ಲಿ ಈ ಮೂರನ್ನೂ ಕಲಸಿ ‘ವಿಜ್ಞಾನ ಪ್ರಶಸ್ತಿ’ ಎಂದುಬಿಡುತ್ತಾರೆ.

ಜಗತ್ತಿನ ಮುಖ್ಯ ಪ್ರಶಸ್ತಿಗಳು

ಕಳಿಂಗ ಪ್ರಶಸ್ತಿ: ಒಡಿಶಾದ ನಾಯಕ ಬಿಜು ಪಟ್ನಾಯಕ್ ಅವರ ದತ್ತಿಯಿಂದ ಹುಟ್ಟಿದ್ದು. ಯುನೆಸ್ಕೋ ಇದನ್ನು 1952ರಿಂದ ಕೊಡುತ್ತಿದೆ. ಇದು ವಿಜ್ಞಾನವನ್ನು ಜನರ ಬಳಿಗೆ ಒಯ್ದವರಿಗೆ ಸಲ್ಲುವ ಗೌರವ. ಮೊದಲ ವರ್ಷ ಪಡೆದವರು ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ಡಿ ಬ್ರಾಯ್. ಬರ್ಟ್ರಂಡ್ ರಸೆಲ್ ಅವರಿಗೆ 1957ರಲ್ಲಿ, ಆರ್ಥರ್ ಸಿ. ಕ್ಲಾರ್ಕ್ ಅವರಿಗೆ 1961ರಲ್ಲಿ ಬಂತು. ಭಾರತದವರ ಪೈಕಿ ಜಗಜಿತ್ ಸಿಂಗ್ (1963), ಜಯಂತ ನಾರ್ಳಿಕರ್ (1996), ಡಿ. ಬಾಲಸುಬ್ರಮಣಿಯನ್ (1997), ಯಶ್‌ಪಾಲ್ (2009) ಇದನ್ನು ಪಡೆದಿದ್ದಾರೆ.

ಎಎಎಎಸ್ ಕಾವ್ಲಿ ಪ್ರಶಸ್ತಿ: ವಿಜ್ಞಾನ ಪತ್ರಿಕೋದ್ಯಮಕ್ಕೆಂದೇ ಇರುವ ಹಳೆಯ ಪ್ರಶಸ್ತಿ ಇದು. ಅಮೆರಿಕದ ವಿಜ್ಞಾನಿಗಳ ದೊಡ್ಡ ಸಂಘವೊಂದು 1945ರಿಂದ ನಡೆಸುತ್ತಿದೆ. 2009ರಲ್ಲಿ ಕಾವ್ಲಿ ಪ್ರತಿಷ್ಠಾನದ ದತ್ತಿ ಸೇರಿತು. 2015ರಿಂದ ಬೇರೆ ದೇಶಗಳ ಪತ್ರಕರ್ತರೂ ಸ್ಪರ್ಧಿಸಬಹುದು. ವಿಜೇತರನ್ನು ಆರಿಸುವವರು ಸ್ವತಂತ್ರ ಪತ್ರಕರ್ತರ ಸಮಿತಿ.

ಪುಲಿಟ್ಜರ್: ಇದು ಅಮೆರಿಕದ ಸಾಮಾನ್ಯ ಪತ್ರಿಕೋದ್ಯಮದ ಪ್ರಶಸ್ತಿ. ಆದರೆ ಇದರ ‘ವಿವರಣಾತ್ಮಕ ವರದಿ’ ವಿಭಾಗದಲ್ಲಿ ವಿಜ್ಞಾನದ ಬರಹಗಳು ಹಲವು ಸಲ ಗೆದ್ದಿವೆ. 2021ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಎಡ್ ಯಾಂಗ್ ಅವರಿಗೆ ಕೋವಿಡ್ ಕುರಿತ ಲೇಖನಗಳಿಗಾಗಿ ಬಂತು.

ಜಾನ್ ಮ್ಯಾಡಕ್ಸ್ ಪ್ರಶಸ್ತಿ: ವಿರೋಧ, ಬೆದರಿಕೆ ಎದುರಿಸಿಯೂ ವಿಜ್ಞಾನದ ಪರ ನಿಂತವರಿಗೆ 2012ರಿಂದ ಕೊಡಲಾಗುತ್ತಿದೆ. ಮೊದಲ ವರ್ಷದ ಇಬ್ಬರು ವಿಜೇತರಲ್ಲಿ ಒಬ್ಬರು ಚೀನಾದ ಬರಹಗಾರ ಫಾಂಗ್ ಶಿಮಿನ್. ವಿಜ್ಞಾನದ ಹೆಸರಿನ ವಂಚನೆಗಳನ್ನು ಬಯಲು ಮಾಡಿದ್ದಕ್ಕೆ 2010ರಲ್ಲಿ ಅವರ ಮೇಲೆ ಹಲ್ಲೆಯೂ ನಡೆದಿತ್ತು.

ಭಾರತದಲ್ಲಿ, ಕರ್ನಾಟಕದಲ್ಲಿ

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯ ಎಂದು ನಮ್ಮ ಸಂವಿಧಾನದ 51ಎ ವಿಧಿ ಹೇಳುತ್ತದೆ. 1976ರ 42ನೇ ತಿದ್ದುಪಡಿಯಲ್ಲಿ ಇದು ಸೇರಿತು. ಮುಂದೆ 1982ರಲ್ಲಿ ಕೇಂದ್ರ ಸರ್ಕಾರ ವಿಜ್ಞಾನ ಸಂವಹನಕ್ಕೆಂದೇ ಎನ್‌ಸಿಎಸ್‌ಟಿಸಿ ಎಂಬ ರಾಷ್ಟ್ರೀಯ ಪರಿಷತ್ತನ್ನು ತೆರೆಯಿತು. 1980ರ ದಶಕದಲ್ಲೇ ಅದು ರಾಷ್ಟ್ರೀಯ ಪ್ರಶಸ್ತಿಗಳನ್ನು ಶುರುಮಾಡಿತು. ಪತ್ರಿಕೆ, ರೇಡಿಯೊ ಮತ್ತು ಟಿವಿ, ಮಕ್ಕಳಿಗಾಗಿ ಮಾಡಿದ ಕೆಲಸ, ಅನುವಾದ ಹೀಗೆ ಬೇರೆ ಬೇರೆ ವಿಭಾಗಗಳಿದ್ದವು. ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು 1986ರಲ್ಲಿ ವಿಜ್ಞಾನ ಜನಪ್ರಿಯಗೊಳಿಸಿದವರಿಗಾಗಿ ಇಂದಿರಾ ಗಾಂಧಿ ಹೆಸರಿನ ಪ್ರಶಸ್ತಿಯನ್ನು ಸ್ಥಾಪಿಸಿತು.

ನಮ್ಮ ರಾಜ್ಯದಲ್ಲಿ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಗಳಲ್ಲಿ ವಿಜ್ಞಾನ ಸಾಹಿತ್ಯಕ್ಕೆ ಪ್ರತ್ಯೇಕ ವಿಭಾಗವಿದೆ. ರಾಜ್ಯ ಸರ್ಕಾರ ಪರಿಸರ ಪತ್ರಿಕೋದ್ಯಮಕ್ಕೂ ಅಭಿವೃದ್ಧಿ ಪತ್ರಿಕೋದ್ಯಮಕ್ಕೂ ಪ್ರಶಸ್ತಿ ಕೊಡುತ್ತದೆ. ಕರ್ನಾಟಕ ಮಾಧ್ಯಮ ಅಕಾಡೆಮಿ ಪತ್ರಕರ್ತರನ್ನು ಗೌರವಿಸುತ್ತದೆ. ಇನ್ನೊಂದು ಸಂಗತಿ ನೆನಪಿಡಬೇಕು. ಕನ್ನಡಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದುಕೊಟ್ಟದ್ದು ಕಾದಂಬರಿಯೂ ಅಲ್ಲ, ಕವನ ಸಂಕಲನವೂ ಅಲ್ಲ. ಅದು ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’. ಗಿಡಮರಗಳ ವಿಜ್ಞಾನವನ್ನು ಹಾಸ್ಯ ಬೆರೆಸಿ ಬರೆದ ಪುಸ್ತಕ.

ದಾವಣಗೆರೆ ಜಿಲ್ಲೆಯ ಜಗಳೂರಿನಿಂದ ಹೊರಟವರು

ಈ ವಿಷಯದಲ್ಲಿ ನಮ್ಮ ಜಿಲ್ಲೆಯವರು ಹೆಮ್ಮೆಪಡಬೇಕಾದ ಹೆಸರೊಂದಿದೆ: ಜೆ.ಆರ್. ಲಕ್ಷ್ಮಣರಾವ್. 1921ರಲ್ಲಿ ಜಗಳೂರಿನಲ್ಲಿ ಹುಟ್ಟಿದರು. ಆಗ ಅದು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರು ಇತ್ತ ಬಂತು. ಮೈಸೂರಿನಲ್ಲಿ ರಸಾಯನವಿಜ್ಞಾನದ ಅಧ್ಯಾಪಕರಾಗಿದ್ದ ಅವರು ‘ಪರಮಾಣು ಚರಿತ್ರೆ’ಯಂಥ ಪುಸ್ತಕಗಳನ್ನು ಬರೆದರು. ಮೈಸೂರು ವಿಶ್ವವಿದ್ಯಾನಿಲಯದ ‘ವಿಜ್ಞಾನ ಕರ್ನಾಟಕ’ ಮತ್ತು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಪತ್ರಿಕೆಗಳ ಸಂಪಾದಕರಾಗಿ ದುಡಿದರು. 2017ರಲ್ಲಿ ತೀರಿಕೊಂಡರು.

ಸರ್ಕಾರಿ ಶಾಲೆಯ ಗ್ರಂಥಾಲಯದಲ್ಲಿ ‘ಬಾಲ ವಿಜ್ಞಾನ’ ಓದಿ ಬೆಳೆದವರು ಈಗ ಅಪ್ಪ ಅಮ್ಮಂದಿರಾಗಿದ್ದಾರೆ. ಅಂಥ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಅಚ್ಚಾಗಬೇಕಾದರೂ ಮೇಲೆ ಲೇಖಕರ ಹೆಸರು ಇರುತ್ತಿತ್ತು, ಸಂಪಾದಕರು ಓದಿ ತಿದ್ದುತ್ತಿದ್ದರು, ತಪ್ಪಾದರೆ ಓದುಗರು ಪತ್ರ ಬರೆದು ಕೇಳಬಹುದಿತ್ತು. ಫಾರ್ವರ್ಡ್‌ನಲ್ಲಿ ಈ ಮೂರೂ ಇರುವುದಿಲ್ಲ. ಬರೆದವರು ಯಾರೆಂದು ಗೊತ್ತಿಲ್ಲ, ತಿದ್ದಿದವರಿಲ್ಲ, ತಪ್ಪಾದರೆ ಕೇಳಲು ವಿಳಾಸವಿಲ್ಲ.

ಕನ್ನಡದಲ್ಲಿ ಈ ಕೆಲಸ ಪ್ರಶಸ್ತಿಗಳಿಗಿಂತಲೂ ಹಳೆಯದು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದದ್ದು 1918ರಲ್ಲಿ. ಅದು ಸುಮಾರು ಎರಡು ವರ್ಷ ನಡೆದು ನಿಂತಿತು. ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ನಾಗೇಶ ಹೆಗಡೆ ದಿನಪತ್ರಿಕೆಯಲ್ಲಿ ದಶಕಗಳ ಕಾಲ ವಿಜ್ಞಾನ ಮತ್ತು ಪರಿಸರದ ಬಗ್ಗೆ ಬರೆಯುತ್ತ ಬಂದಿದ್ದಾರೆ.

ತೀರ್ಪುಗಾರರು ಏನು ನೋಡುತ್ತಾರೆ?

ಕಾವ್ಲಿ ಪ್ರಶಸ್ತಿಯ ನಿಯಮಗಳಲ್ಲಿ ಐದು ಅಳತೆಗೋಲುಗಳಿವೆ. ಅವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ:

1. ವಿಜ್ಞಾನ ಸರಿಯಾಗಿದೆಯೇ? ಅಂಕಿ, ಹೆಸರು, ಕಾರಣ ಎಲ್ಲವೂ ತಾಳೆಯಾಗಬೇಕು.
2. ವರದಿಗಾರರು ಸ್ವತಃ ಶ್ರಮಪಟ್ಟಿದ್ದಾರೆಯೇ? ಸ್ಥಳಕ್ಕೆ ಹೋದರೇ, ದಾಖಲೆ ಓದಿದರೇ, ತಿಳಿದವರನ್ನು ಕೇಳಿದರೇ?
3. ಹೊಸದೇನಿದೆ? ಬೇರೆಯವರು ಬರೆದದ್ದನ್ನೇ ನಕಲು ಮಾಡಿದ್ದಲ್ಲವಷ್ಟೇ?
4. ಓದುಗರಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿದ್ದಾರೆಯೇ?
5. ಓದಿದ ಮೇಲೆ ಜನರ ವಿಜ್ಞಾನದ ತಿಳಿವಳಿಕೆ ಹೆಚ್ಚುತ್ತದೆಯೇ?

ಎಷ್ಟು ಜನ ಹಂಚಿದರು, ಎಷ್ಟು ಲೈಕ್ ಬಂತು ಎಂಬ ಪ್ರಶ್ನೆ ಈ ಪಟ್ಟಿಯಲ್ಲಿಲ್ಲ. ‘ಕೂಡಲೇ ಹತ್ತು ಜನರಿಗೆ ಕಳಿಸಿ’ ಎಂಬ ಆತುರಕ್ಕೂ ಇಲ್ಲಿ ಅಂಕವಿಲ್ಲ.

ಒಂದು ನಿಜವಾದ ಉದಾಹರಣೆ: ಲಸಿಕೆ ಮತ್ತು ಆಟಿಸಂ

1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದು ಬರೀ 12 ಮಕ್ಕಳನ್ನು ಆಧರಿಸಿದ್ದು. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಭಯ ಅಲ್ಲಿಂದ ಹರಡಿತು. ಲಕ್ಷಾಂತರ ತಂದೆತಾಯಿಗಳು ಗಾಬರಿಯಾದರು. ಬ್ರಿಟನ್ನಿನಲ್ಲಿ ಲಸಿಕೆ ಹಾಕಿಸುವವರು ಕಡಿಮೆಯಾದರು, ಮುಂದೆ ದಡಾರ ಮತ್ತೆ ತಲೆಯೆತ್ತಿತು.

ಬ್ರಯಾನ್ ಡೀರ್ ಎಂಬ ಪತ್ರಕರ್ತ ಇದರ ಬೆನ್ನು ಹತ್ತಿದರು. 2004ರಲ್ಲಿ ‘ಸಂಡೇ ಟೈಮ್ಸ್’ ಪತ್ರಿಕೆಯಲ್ಲಿ ಅವರ ಮೊದಲ ವರದಿ ಬಂತು. ಲಸಿಕೆ ಕಂಪನಿಗಳ ಮೇಲೆ ಮೊಕದ್ದಮೆ ಹೂಡಲು ಸಿದ್ಧವಾಗುತ್ತಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆಯುತ್ತಿದ್ದರು ಎಂಬುದು ಹೊರಬಿತ್ತು. ಡೀರ್ ಅಷ್ಟಕ್ಕೇ ಬಿಡಲಿಲ್ಲ. ಪ್ರಬಂಧದಲ್ಲಿ ಬರೆದದ್ದನ್ನೂ ಮಕ್ಕಳ ಆಸ್ಪತ್ರೆ ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡಕ್ಕೂ ತಾಳೆಯಾಗಲಿಲ್ಲ. 2010ರಲ್ಲಿ ‘ಲ್ಯಾನ್ಸೆಟ್’ ಆ ಪ್ರಬಂಧವನ್ನು ಹಿಂದಕ್ಕೆ ಪಡೆಯಿತು. ಅದೇ ವರ್ಷ ವೇಕ್‌ಫೀಲ್ಡ್ ಅವರ ವೈದ್ಯ ನೋಂದಣಿ ರದ್ದಾಯಿತು. ಡೀರ್ ಅವರಿಗೆ 2011ರಲ್ಲಿ ಬ್ರಿಟನ್ನಿನ ಪತ್ರಿಕಾ ಪ್ರಶಸ್ತಿ ಬಂತು.

ಇದು ದೂರದ ದೇಶದ ಕಥೆ ಅನ್ನಿಸಬಹುದು. ಆದರೆ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನವನ್ನು ದೇಶದಲ್ಲಿ ಮೊದಲು ಶುರುಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲೇ ಲಸಿಕೆ ಹಾಕಲಾಯಿತು. ಆಗಲೂ ವಾಟ್ಸಾಪಿನಲ್ಲಿ ಲಸಿಕೆ ಬಗ್ಗೆ ಭಯದ ಸಂದೇಶಗಳು ಓಡಾಡಿದವು. ಹೆಸರಿಲ್ಲದ ಒಂದು ಸಂದೇಶ ಊರು ಸುತ್ತಲು ಒಂದು ಸಂಜೆ ಸಾಕು. ಅದು ಸುಳ್ಳೆಂದು ದಾಖಲೆ ಸಮೇತ ತೋರಿಸಲು ಡೀರ್ ಅವರಿಗೆ ವರ್ಷಗಳೇ ಬೇಕಾದವು. ಪ್ರಶಸ್ತಿ ಸಂದದ್ದು ಆ ಶ್ರಮಕ್ಕೆ.

ಇದೇ ಅಳತೆಗೋಲನ್ನು ತುಂಗಭದ್ರೆಗೆ ಹಿಡಿದರೆ

ಈಗ ನಮ್ಮೂರಿಗೆ ಬರೋಣ. ಹರಿಹರ ಮತ್ತು ದಾವಣಗೆರೆಯವರಿಗೆ ತುಂಗಭದ್ರೆ ಎಂದರೆ ಮನೆಯ ನಲ್ಲಿ ನೀರು. ಹರಿಹರದ ಹತ್ತಿರದ ರಾಜನಹಳ್ಳಿಯಿಂದ ಹೊಳೆ ನೀರು ದಾವಣಗೆರೆಗೆ ಬರುತ್ತದೆ. ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳೂ ನಗರಕ್ಕೆ ಆಸರೆ. 1980ರ ದಶಕದಲ್ಲಿ ಹರಿಹರದ ಆಸುಪಾಸಿನಲ್ಲಿ ಕಾರ್ಖಾನೆ ತ್ಯಾಜ್ಯದಿಂದ ಹೊಳೆ ಕೆಡುತ್ತಿದೆ, ಮೀನು ಸಾಯುತ್ತಿವೆ ಎಂದು ನದಿ ದಂಡೆಯ ಜನ ದೊಡ್ಡ ದನಿ ಎತ್ತಿದ್ದರು. ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯ ಈ ಹೋರಾಟದಲ್ಲಿ ಮುಂದಿತ್ತು. ಹಾಗಾಗಿ ಹೊಳೆಯ ಬಗ್ಗೆ ಯಾವ ಸಂದೇಶ ಬಂದರೂ ಜನ ಬೇಗ ನಂಬುತ್ತಾರೆ. ಆ ಕಾಳಜಿ ತಪ್ಪಲ್ಲ.

ಹಾಗಿದ್ದರೆ ‘ತುಂಗಭದ್ರೆ ವಿಷವಾಗಿದೆ, ಯಾರೂ ನೀರು ಮುಟ್ಟಬೇಡಿ’ ಎಂಬ ಫಾರ್ವರ್ಡ್‌ಗೂ ಪ್ರಶಸ್ತಿಗೆ ಯೋಗ್ಯವಾದ ಒಂದು ವರದಿಗೂ ಏನು ವ್ಯತ್ಯಾಸ?

ಒಳ್ಳೆಯ ವರದಿಗಾರರು ಮೊದಲು ಅಳತೆ ಕೇಳುತ್ತಾರೆ. ಹೊಳೆ ನೀರಿನ ಆರೋಗ್ಯ ತಿಳಿಯಲು ಎರಡು ಮುಖ್ಯ ಅಳತೆಗಳಿವೆ. ಒಂದು, ನೀರಿನಲ್ಲಿ ಕರಗಿರುವ ಆಮ್ಲಜನಕ. ಇನ್ನೊಂದು ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ಬ್ಯಾಕ್ಟೀರಿಯಾ ಕರಗಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ. ಚರಂಡಿ ನೀರು, ಕಾರ್ಖಾನೆಯ ತ್ಯಾಜ್ಯ ಹೊಳೆಗೆ ಬಿದ್ದರೆ ಬ್ಯಾಕ್ಟೀರಿಯಾ ಹೆಚ್ಚಿ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಉಸಿರಾಡಲು ಆಮ್ಲಜನಕ ಸಾಲದೆ ಮೀನು ಸಾಯುತ್ತವೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಕೊಳೆ ತೆಳುವಾಗಲು ನೀರು ಇರುವುದಿಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ. ಆದ್ದರಿಂದ ಮೀನು ಸತ್ತ ಸುದ್ದಿ ಬೇಸಿಗೆಯಲ್ಲಿ ಹೆಚ್ಚು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಬಳಕೆಗೆ ತಕ್ಕಂತೆ ನೀರನ್ನು ವಿಂಗಡಿಸಿದೆ. ಹೊಳೆಯಲ್ಲಿ ಸ್ನಾನ ಮಾಡಲು ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು, ಬಿಒಡಿ 3 ಮಿಲಿಗ್ರಾಂ ಮೀರಬಾರದು. ಶುದ್ಧೀಕರಿಸಿ ಕುಡಿಯಲು ಕೊಡುವ ನೀರಿನ ಮೂಲದಲ್ಲಿ ಆಮ್ಲಜನಕ ಕನಿಷ್ಠ 4 ಮಿಲಿಗ್ರಾಂ, ಬಿಒಡಿ ಹೆಚ್ಚೆಂದರೆ 3 ಮಿಲಿಗ್ರಾಂ ಇರಬೇಕು. ಮೀನು ಸಾಕಣೆಗೂ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಬೇಕು.

ಇಷ್ಟು ತಿಳಿದರೆ ಪ್ರಶ್ನೆ ಕೇಳುವುದು ಸುಲಭ. ನೀರಿನ ಮಾದರಿ ತೆಗೆದದ್ದು ಎಲ್ಲಿ? ತ್ಯಾಜ್ಯ ಸೇರುವ ಜಾಗಕ್ಕಿಂತ ಮೇಲೋ ಕೆಳಗೋ? ಯಾವ ತಿಂಗಳಲ್ಲಿ? ಯಾವ ಪ್ರಯೋಗಾಲಯದಲ್ಲಿ ಪರೀಕ್ಷೆ ಆಯಿತು? ಎಷ್ಟು ಬಂತು, ಎಷ್ಟಿರಬೇಕಿತ್ತು? ಮಂಡಳಿಯ ಅಧಿಕಾರಿ ಏನಂದರು, ಕಾರ್ಖಾನೆಯವರು ಏನಂದರು, ಮೀನು ಹಿಡಿಯುವವರು ಏನಂದರು? ಇನ್ನೂ ಒಂದು ಮುಖ್ಯ ಪ್ರಶ್ನೆ: ಮಾದರಿ ಹೊಳೆಯದೋ ನಲ್ಲಿಯದೋ? ಹೊಳೆ ನೀರು ಶುದ್ಧೀಕರಣ ಘಟಕ ದಾಟಿ ಮನೆಗೆ ಬರುತ್ತದೆ. ಹೊಳೆಯ ಅಂಕಿಯನ್ನು ನಲ್ಲಿಯ ಅಂಕಿ ಎಂದು ತೋರಿಸಿದರೆ ಅದು ತಪ್ಪು ಮಾಹಿತಿ. ಹಾಗೆಯೇ ನಲ್ಲಿ ನೀರು ಚೆನ್ನಾಗಿದೆ ಎಂದು ತೋರಿಸಿ ಹೊಳೆಯಲ್ಲಿ ಏನೂ ಆಗಿಲ್ಲ ಎನ್ನುವುದೂ ಅಷ್ಟೇ ತಪ್ಪು.

ಹೆಸರು, ಜಾಗ, ದಿನಾಂಕ, ಅಂಕಿ ಇರುವ ವರದಿಯನ್ನು ಹಿಡಿದು ನಗರಸಭೆಯನ್ನೋ ಮಂಡಳಿಯನ್ನೋ ಪ್ರಶ್ನಿಸಬಹುದು. ಬರೀ ‘ವಿಷ’ ಎಂಬ ಫಾರ್ವರ್ಡ್ ಹಿಡಿದು ಯಾರನ್ನೂ ಏನನ್ನೂ ಕೇಳಲಾಗುವುದಿಲ್ಲ. ಎರಡು ದಿನ ಹೆದರಿ ಮೂರನೇ ದಿನ ಮರೆಯುತ್ತೇವೆ, ಹೊಳೆ ಹಾಗೇ ಇರುತ್ತದೆ.

ಪ್ರಶಸ್ತಿ ಏನನ್ನು ಸಾಬೀತು ಮಾಡುವುದಿಲ್ಲ?

ಮೊದಲನೆಯದು, ಒಂದು ವಿಷಯದಲ್ಲಿ ಬಂದ ಪ್ರಶಸ್ತಿ ಇನ್ನೊಂದು ವಿಷಯಕ್ಕೆ ಅನ್ವಯಿಸುವುದಿಲ್ಲ. ಲೈನಸ್ ಪೌಲಿಂಗ್ ಅವರಿಗೆ 1954ರಲ್ಲಿ ರಸಾಯನವಿಜ್ಞಾನದ ನೊಬೆಲ್, 1962ರ ಶಾಂತಿ ನೊಬೆಲ್ ಎರಡೂ ಸಂದಿವೆ. ಅಂಥವರೇ 1970ರಲ್ಲಿ, ಹೆಚ್ಚು ಪ್ರಮಾಣದ ವಿಟಮಿನ್ ಸಿ ತೆಗೆದುಕೊಂಡರೆ ನೆಗಡಿ ಬರುವುದಿಲ್ಲ ಎಂದು ಪುಸ್ತಕ ಬರೆದರು. ಆಮೇಲೆ ನಡೆದ ಪರೀಕ್ಷೆಗಳಲ್ಲಿ ಸಾಮಾನ್ಯ ಜನರಿಗೆ ಅದರಿಂದ ನೆಗಡಿ ತಪ್ಪುತ್ತದೆ ಎಂದು ಕಂಡುಬರಲಿಲ್ಲ. ದಿನವೂ ತೆಗೆದುಕೊಳ್ಳುವವರಲ್ಲಿ ನೆಗಡಿ ಸ್ವಲ್ಪ ಬೇಗ ಹೋಗಬಹುದು, ಅಷ್ಟೇ.

ಎರಡನೆಯದು, ತೀರ್ಪುಗಾರರೂ ಮೋಸ ಹೋಗಬಹುದು. ಜರ್ಮನಿಯ ‘ಡೆರ್ ಶ್ಪೀಗೆಲ್’ ಪತ್ರಿಕೆಯ ಕ್ಲಾಸ್ ರೆಲೋಟಿಯಸ್ ಹಲವು ಪ್ರಶಸ್ತಿ ಪಡೆದಿದ್ದ ವರದಿಗಾರ. ಅವರು ಬರೆದದ್ದು ವಿಜ್ಞಾನದ ಬಗ್ಗೆ ಅಲ್ಲ, ಆದರೆ ಪಾಠ ಎಲ್ಲರಿಗೂ ಒಂದೇ. ಅವರ ಅನೇಕ ವರದಿಗಳಲ್ಲಿ ಕಟ್ಟುಕಥೆ ಇತ್ತೆಂದು 2018ರ ಡಿಸೆಂಬರಿನಲ್ಲಿ ಅದೇ ಪತ್ರಿಕೆ ಒಪ್ಪಿಕೊಂಡಿತು. ಸಹೋದ್ಯೋಗಿಯೊಬ್ಬರು ಅನುಮಾನಪಟ್ಟು ಹುಡುಕಿದ್ದರಿಂದ ಅದು ಹೊರಬಂತು. ಸಿಎನ್‌ಎನ್ 2014ರಲ್ಲಿ ಕೊಟ್ಟಿದ್ದ ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಿತು. ಅವರ ವರದಿಗಳ ಮೇಲೆ ಹೆಸರು, ಊರು, ದಿನಾಂಕ ಇದ್ದುದರಿಂದಲೇ ಹೀಗೆ ತಾಳೆ ನೋಡಲು ಸಾಧ್ಯವಾಯಿತು.

ಮೂರನೆಯದು, ಇಲ್ಲದ ಪ್ರಶಸ್ತಿಯನ್ನೂ ಸೃಷ್ಟಿಸಬಹುದು. ‘ನಮ್ಮ ರಾಷ್ಟ್ರಗೀತೆ ಜಗತ್ತಿನಲ್ಲೇ ಅತ್ಯುತ್ತಮ ಎಂದು ಯುನೆಸ್ಕೋ ಘೋಷಿಸಿದೆ’ ಎಂಬ ಸಂದೇಶ ನಿಮಗೂ ಬಂದಿರಬಹುದು. ಯುನೆಸ್ಕೋ ಅಂಥ ಘೋಷಣೆ ಮಾಡಿಲ್ಲ. ರಾಷ್ಟ್ರಗೀತೆಯ ಮೇಲಿನ ಪ್ರೀತಿಗೆ ಸುಳ್ಳು ಸರ್ಟಿಫಿಕೇಟು ಬೇಕಾಗಿಯೂ ಇಲ್ಲ. ಕಳಿಂಗ ಪ್ರಶಸ್ತಿಯಂತೆ ಯುನೆಸ್ಕೋ ನಿಜವಾಗಿ ಕೊಡುವ ಪ್ರಶಸ್ತಿಗಳ ವಿವರ ಆ ಸಂಸ್ಥೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇರುತ್ತದೆ.

ಹಾಗಾದರೆ ಹರಿಹರದಿಂದ ಬಂದ ಆ ಸಂದೇಶ?

ಸುಳ್ಳು, ಅಪಾಯಕಾರಿ ಕೂಡ. ಪ್ರಶಸ್ತಿಯ ಹೆಸರಿಲ್ಲ, ವರ್ಷವಿಲ್ಲ, ಬರೆದವರ ಹೆಸರೂ ಇಲ್ಲ. ಅದಕ್ಕಿಂತ ಮುಖ್ಯವಾಗಿ ವಿಜ್ಞಾನ ತಪ್ಪಾಗಿದೆ.

ಲಕ್ವಕ್ಕೆ ಎರಡು ಕಾರಣ. ಹೆಚ್ಚಿನವರಲ್ಲಿ ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿಕೊಳ್ಳುತ್ತದೆ. ಉಳಿದವರಲ್ಲಿ ರಕ್ತನಾಳ ಒಡೆಯುತ್ತದೆ. ಬೆರಳ ತುದಿಯಿಂದ ನಾಲ್ಕು ಹನಿ ರಕ್ತ ತೆಗೆದರೆ ಮಿದುಳಿನ ಹೆಪ್ಪು ಕರಗುವುದಿಲ್ಲ, ಒಡೆದ ನಾಳ ಕೂಡಿಕೊಳ್ಳುವುದೂ ಇಲ್ಲ. ಎರಡರಲ್ಲಿ ಯಾವುದು ಎಂದು ಹೊರಗಿನಿಂದ ನೋಡಿ ಹೇಳಲಾಗದು, ಸಿ.ಟಿ. ಸ್ಕ್ಯಾನ್ ಬೇಕು. ಹೆಪ್ಪು ಎಂದು ಖಚಿತವಾದರೆ ಅದನ್ನು ಕರಗಿಸುವ ಚುಚ್ಚುಮದ್ದು ಇದೆ. ಅದನ್ನು ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.

ಸಂದೇಶದ ‘ಅಲುಗಾಡಿಸಬೇಡಿ, ಸೂಜಿ ಚುಚ್ಚಿ ಕಾಯಿರಿ’ ಎಂಬ ಸಾಲು ಆ ಹೊತ್ತನ್ನೇ ಕದಿಯುತ್ತದೆ. ಹರಿಹರದಿಂದ ದಾವಣಗೆರೆಯ ದೊಡ್ಡ ಆಸ್ಪತ್ರೆಗಳು ಸುಮಾರು ಅರ್ಧ ಗಂಟೆಯ ದಾರಿ. ಸೂಜಿ ಹುಡುಕಿ, ಹತ್ತು ಬೆರಳಿಗೆ ಚುಚ್ಚಿ, ‘ಈಗ ಏಳುತ್ತಾರೆ’ ಎಂದು ಕಾಯುತ್ತ ಕೂತರೆ ಅಷ್ಟು ಹತ್ತಿರದ ಆಸ್ಪತ್ರೆಯೂ ದೂರವಾಗುತ್ತದೆ.

ಏನು ಮಾಡಬೇಕು?

• ಮುಖ ಒಂದು ಕಡೆ ಜೋತಿದೆಯೇ, ಎರಡೂ ಕೈ ಎತ್ತಲು ಹೇಳಿದರೆ ಒಂದು ಕೈ ಕೆಳಗೆ ಬೀಳುತ್ತದೆಯೇ, ಮಾತು ತೊದಲುತ್ತಿದೆಯೇ ನೋಡಿ. ಇವುಗಳಲ್ಲಿ ಒಂದು ದಿಢೀರನೆ ಕಂಡರೂ ಸಾಕು, ತಡ ಮಾಡಬೇಡಿ.
• 108ಕ್ಕೆ ಕರೆ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ.
• ಲಕ್ಷಣ ಶುರುವಾದ ಸಮಯ ಬರೆದಿಟ್ಟುಕೊಳ್ಳಿ. ನಿದ್ದೆಯಲ್ಲಿ ಆಗಿದ್ದರೆ ಕೊನೆಯ ಬಾರಿ ಚೆನ್ನಾಗಿದ್ದುದನ್ನು ನೋಡಿದ ಸಮಯ ಹೇಳಿ. ವೈದ್ಯರು ಮೊದಲು ಕೇಳುವುದು ಇದನ್ನೇ.
• ನೀರು, ಊಟ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಗಂಟಲಿಗೆ ಸಿಕ್ಕಿಕೊಳ್ಳಬಹುದು.
• ಅರ್ಧ ಗಂಟೆಯಲ್ಲಿ ತಾನಾಗಿ ಸರಿಹೋದರೂ ಆಸ್ಪತ್ರೆಗೆ ಹೋಗಲೇಬೇಕು. ಅದು ಮುಂದೆ ಬರುವ ದೊಡ್ಡ ಲಕ್ವದ ಮುನ್ಸೂಚನೆ ಇರಬಹುದು.

ಫಾರ್ವರ್ಡ್ ಮಾಡುವ ಮುನ್ನ

‘ಪ್ರಶಸ್ತಿ ವಿಜೇತ’, ‘ವಿಜ್ಞಾನಿಗಳ ಪ್ರಕಾರ’ ಎಂದು ಶುರುವಾಗುವ ಸಂದೇಶ ಬಂದರೆ ಹೀಗೆ ಕೇಳಿಕೊಳ್ಳಿ. ಬರೆದವರ ಹೆಸರಿದೆಯೇ? ಪ್ರಶಸ್ತಿ ಯಾವುದು, ಯಾವ ವರ್ಷ, ಯಾವ ಬರಹಕ್ಕೆ? ಅದು ಕೊಟ್ಟ ಸಂಸ್ಥೆಯ ಜಾಲತಾಣದಲ್ಲಿ ಇದೆಯೇ? ಪ್ರಶಸ್ತಿ ಬಂದ ವಿಷಯವೂ ಸಂದೇಶದ ವಿಷಯವೂ ಒಂದೇಯೇ? ಇನ್ನೊಂದು ನಂಬಬಹುದಾದ ಕಡೆ ಇದೇ ಮಾತು ಬಂದಿದೆಯೇ? ಒಂದಕ್ಕೂ ಉತ್ತರ ಸಿಗದಿದ್ದರೆ ಸಂದೇಶ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.

ಮನೆಯ ಹಿರಿಯರು ಕಳಿಸಿದ ಸಂದೇಶವನ್ನು ಗ್ರೂಪಿನಲ್ಲಿ ಸುಳ್ಳು ಎನ್ನಲು ಮುಜುಗರ ಆಗುತ್ತದೆ, ನಮಗೆ ಗೊತ್ತು. ಅವರು ಕಳಿಸಿದ್ದು ಒಳ್ಳೆಯದಾಗಲಿ ಎಂದೇ. ಹಾಗಾಗಿ ಜಗಳ ಬೇಡ. ಈ ಸಾಲುಗಳನ್ನು ಹೀಗೇ ಕಾಪಿ ಮಾಡಿ ಹಾಕಬಹುದು:

‘ದೊಡ್ಡಪ್ಪ, ನೀವು ಕಳಿಸಿದ ಲಕ್ವದ ಮೆಸೇಜ್ ನೋಡಿದೆ. ಸೂಜಿ ಚುಚ್ಚುವುದರಿಂದ ಉಪಯೋಗವಿಲ್ಲ, ಅದರಿಂದ ಟೈಮ್ ಹಾಳಾಗುತ್ತದೆ. ಮುಖ ಸೊಟ್ಟಗಾದರೆ, ಕೈ ಸ್ವಾಧೀನ ತಪ್ಪಿದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಬೇಕು. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ನಾಲ್ಕೂವರೆ ಗಂಟೆಯೊಳಗೆ, ಆದಷ್ಟು ಬೇಗ ಮುಟ್ಟಿಸಬೇಕು. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳೋಣ.’